ಫರ್ಮಾ ನಂಬಿಕೆಯನ್ನು ಮುರಿದ ಸಂಖ್ಯೆ

[ಪರದೆಯ ಮೇಲೆ: 429,49,67,297]

ನಾನೂರ ಇಪ್ಪತ್ತೊಂಬತ್ತು ಕೋಟಿ ದಾಟಿದ ಈ ಸಂಖ್ಯೆ ಅವಿಭಾಜ್ಯವೇ? ಸುಮಾರು ನೂರು ವರ್ಷ ಇದಕ್ಕೆ ಸರಿಯಾದ ಉತ್ತರ ಸಿಕ್ಕಿರಲಿಲ್ಲ!

17ನೇ ಶತಮಾನದ ಫ್ರಾನ್ಸ್. ಗಣಿತಜ್ಞ ಪಿಯರ್ ಡಿ ಫರ್ಮಾ ಒಂದು ಸಾಲು ಗಮನಿಸಿದರು. 2ರಿಂದ ಶುರು ಮಾಡಿ ವರ್ಗ ಮಾಡುತ್ತಾ ಹೋಗಿ: 2, 4, 16, 256, 65,536. ಪ್ರತಿಯೊಂದಕ್ಕೂ 1 ಕೂಡಿಸಿ.

[ಪರದೆಯ ಮೇಲೆ: 3, 5, 17, 257, 65,537]

ಐದಕ್ಕೆ ಐದೂ ಅವಿಭಾಜ್ಯ! ಮುಂದಿನವೂ ಹಾಗೇ ಇರುತ್ತವೆ ಅಂತ ಫರ್ಮಾ ನಂಬಿದರು. ಆರನೆಯದೇ ನಮ್ಮ ಈ ಸಂಖ್ಯೆ.

1732ರಲ್ಲಿ ಲಿಯೊನಾರ್ಡ್ ಆಯ್ಲರ್ ಆ ನಂಬಿಕೆಯನ್ನು ಮುರಿದರು.

[ಪರದೆಯ ಮೇಲೆ: 641 × 67,00,417]

ಅಪವರ್ತನ ಹುಡುಕೋಕೆ ಒಂದು ಸೊಗಸಾದ ದಾರಿ ಇದೆ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಈ ನಿಯಮ ಗೊತ್ತಿದ್ದರೆ ಸಾವಿರಾರು ಅವಿಭಾಜ್ಯಗಳನ್ನು ಜಾಲಾಡಬೇಕಿಲ್ಲ. 193? ಭಾಗ ಹೋಗಲ್ಲ. 257? ಇಲ್ಲ. 449, 577? ಊಹೂಂ. ಐದನೆಯದು 641. ಶೇಷ ಸೊನ್ನೆ!

ಇವತ್ತಿಗೂ ಈ ಸಾಲಿನಲ್ಲಿ ಮೊದಲ ಐದರ ಹೊರತು ಬೇರೊಂದು ಅವಿಭಾಜ್ಯ ಸಿಕ್ಕಿಲ್ಲ. ಇನ್ನು ಸಿಗುವುದೇ ಇಲ್ಲ ಅಂತ ಸಾಧಿಸಿದವರೂ ಇಲ್ಲ.

ಗಣಿತದ ಸೊಬಗು ಇರೋದು ಇಲ್ಲೇ. ಐದು ಉದಾಹರಣೆ ಸರಿಬಂದರೂ ಅದು ಸಾಧನೆಯಲ್ಲ. ಆದರೆ ಊಹೆಯನ್ನು ಬೀಳಿಸೋಕೆ ಒಂದೇ ಒಂದು ಉದಾಹರಣೆ ಸಾಕು. ಎಷ್ಟೇ ದೊಡ್ಡವರು ಹೇಳಿರಲಿ, ಲೆಕ್ಕ ಹಾಕಿ ನೋಡುವ ಹಕ್ಕು ಎಲ್ಲರಿಗೂ ಇದೆ.

ಪೆನ್ನು, ಹಾಳೆ ತಗೊಳ್ಳಿ. 641ರಿಂದ ನೀವೇ ಭಾಗಿಸಿ, ಮಕ್ಕಳಿಗೂ ಮಾಡಿ ತೋರಿಸಿ.