ಕಥೆಯೂ ಸಂವಿಧಾನವೂ

ಕಾದಂಬರಿಯನ್ನೋದುವಾಗ ‘ಮುಂದೇನಾಯಿತು?’ ಎಂಬ ಕುತೂಹಲ ನಮಗೆಲ್ಲರಿಗೂ ಸಹಜವಾದುದು. ಅದನ್ನು ತಣಿಸುವುದು ಕಥೆ. ‘ಏಕಾಯಿತು?’ ಎಂಬುದಕ್ಕೆ ಉತ್ತರ ಹೊಳೆಯುವಂತೆ ಘಟನೆಗಳನ್ನು ಹೆಣೆದಿರುವ ಬಗೆಯೇ ಸಂವಿಧಾನ. ಆಂಗ್ಲ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಈ ಭೇದವನ್ನು ವಿಶದಪಡಿಸಿದರು.

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ನೋಡೋಣ. ಚೋಮನಲ್ಲಿ ಎತ್ತುಗಳಿವೆ, ಉಳುವ ಹಂಬಲವಿದೆ. ಭೂಮಿ ಮಾತ್ರ ದೊರೆಯದು. ಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟುಹೋಗುತ್ತಾರೆ. ಕಡೆಗೆ ಅವನು ದುಡಿ ಬಾರಿಸುತ್ತಲೇ ಸಾಯುತ್ತಾನೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇಷ್ಟನ್ನು ಬರೆದು ಅಂಕಗಳನ್ನೂ ಪಡೆಯುತ್ತಾರೆ, ಕೊಡುವವರು ನಾವೇ! ಆದರೆ ಭೂಮಿ ಏಕೆ ದೊರೆಯಲಿಲ್ಲ? ಯಾವನೋ ಒಬ್ಬನ ದುಷ್ಟತನದಿಂದಲ್ಲ; ಅಸ್ಪೃಶ್ಯನು ಬೇಸಾಯಗಾರನಾಗಕೂಡದೆಂಬ ಕಟ್ಟುಪಾಡಿನಿಂದ. ಈ ಎಳೆಯನ್ನು ಹಿಡಿದು ಮರಳಿ ಓದಿದರೆ, ಆ ಎತ್ತುಗಳ ಮಾತು ಬಂದಲ್ಲೆಲ್ಲ ನಾವು ತಡೆದು ನಿಲ್ಲುತ್ತೇವೆ.