ರಕ್ತ ಬಂತೆಂದು ಬ್ರಷ್ ಬಿಡಬೇಡಿ

ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದರೆ ನಮ್ಮಲ್ಲಿ ಅನೇಕರು ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಟ್ಟುಬಿಡುತ್ತಾರೆ. ರೋಗ ಬಲಿಯುವುದೇ ಅಲ್ಲಿಂದ.

ನಾರ್ವೆ ಮೂಲದ ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ವಸಡು ಗಟ್ಟಿಯಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜತೊಡಗಿದ ಮೇಲೆ ವಾರದೊಳಗೆ ತಹಬಂದಿಗೆ ಬಂತು. ರಕ್ತ ಬರಿಸುವುದು ಬ್ರಷ್ಷಲ್ಲ, ಹಲ್ಲಿನ ಬುಡದಲ್ಲಿ ಕೂತ ಬ್ಯಾಕ್ಟೀರಿಯಾಗಳ ಪಾಚಿ ಎಂಬುದು ಅಲ್ಲಿಗೆ ಖಚಿತವಾಯಿತು.

ತೆಗೆಯದೆ ಬಿಟ್ಟ ಪಾಚಿಗೆ ಎಂಜಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಕಿಟ್ಟವಾಗುತ್ತದೆ. ಉತ್ತರ ಬೆಂಗಳೂರಿನ ಯಲಹಂಕದ ಕಡೆ ಬೋರ್‌ವೆಲ್ ನೀರಿನಿಂದ ನಲ್ಲಿಗಳಿಗೆ ಬಿಳಿ ಪದರ ಕಟ್ಟುವುದನ್ನು ನೋಡಿದವರು ಹಲ್ಲಿನ ಕಿಟ್ಟಕ್ಕೂ ಆ ನೀರನ್ನೇ ದೂರುವುದುಂಟು. ಆದರೆ ಕಿಟ್ಟದ ಖನಿಜ ಮುಖ್ಯವಾಗಿ ನಮ್ಮ ಎಂಜಲಿನದೇ. ಎಂಜಲು ಗ್ರಂಥಿಗಳು ಬಾಯಿಗೆ ತೆರೆದುಕೊಳ್ಳುವ ಕಡೆ, ಮುಖ್ಯವಾಗಿ ಕೆಳಗಿನ ಮುಂಬಲ್ಲುಗಳ ಹಿಂಬದಿಯಲ್ಲಿ ಅದು ಬೇಗ ಕಟ್ಟುತ್ತದೆ. ಕಿಟ್ಟ ಕಟ್ಟಿದ ಮೇಲೆ ಬ್ರಷ್ಷಿಗೆ ಬಗ್ಗದು, ವೈದ್ಯರು ಉಪಕರಣದಿಂದ ಅದನ್ನು ತೆಗೆಯುವ ಸ್ಕೇಲಿಂಗ್ ಆಗಲೇಬೇಕು.

ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಹೆದರಿಕೆಯಿಂದಲೇ ಎಷ್ಟೋ ಜನ ಹಲ್ಲು ಕಳೆದುಕೊಂಡಿದ್ದಾರೆ. ವಾಸ್ತವದಲ್ಲಿ ಕಿಟ್ಟದ ಕೆಳಗೆ ವಸಡು ಹಲ್ಲನ್ನು ಬಿಟ್ಟಿರುತ್ತದೆ, ಮೂಳೆ ಸವೆದಿರುತ್ತದೆ. ಕಿಟ್ಟ ಹೋಗಿ ಊತ ಇಳಿದಾಗ ಮೊದಲೇ ಇದ್ದ ಸಂದು ಕಣ್ಣಿಗೆ ಬೀಳುತ್ತದೆ, ಅಷ್ಟೆ. ವೈದ್ಯರು ಸಣ್ಣ ಅಳತೆಕಡ್ಡಿ ಇಳಿಸಿ ವಸಡು ಮತ್ತು ಹಲ್ಲಿನ ನಡುವಿನ ಆಳ ನೋಡುತ್ತಾರೆ: 3 ಮಿಲಿಮೀಟರ್‌ವರೆಗೆ ಸಹಜ, ಅದಕ್ಕಿಂತ ಆಳವಿದ್ದರೆ ಬೇರಿನವರೆಗೂ ಶುಚಿ ಮಾಡಬೇಕಾಗಬಹುದು, ಇನ್ನೂ ಆಳಕ್ಕೆ ಹೋಗಿದ್ದರೆ ಶಸ್ತ್ರಚಿಕಿತ್ಸೆ. ಸವೆದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ. ಇಷ್ಟೆಲ್ಲ ಆದರೂ ಹೆಚ್ಚಿನವರಿಗೆ ನೋವೇ ಇರುವುದಿಲ್ಲ. ನನಗೆ ಅತ್ಯಂತ ಕಳವಳದ ಸಂಗತಿ ಇದೇ.

ಹೊಗೆಸೊಪ್ಪಿನವರ ಪಾಡು ಇನ್ನೂ ಕಷ್ಟ. ಬೀಡಿ, ಸಿಗರೇಟು ಸೇದುವವರಲ್ಲಿ ವಸಡಿನ ರಕ್ತಸ್ರಾವ ಕಡಿಮೆಯಾಗಿ, ರಕ್ತವೆಂಬ ಎಚ್ಚರಿಕೆಯೂ ಸಿಗದೆ ಹೋಗುತ್ತದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು, ಎಲೆಅಡಿಕೆಯ ಜತೆಗಿನ ಹೊಗೆಸೊಪ್ಪು ಮಾತ್ರ ಎಷ್ಟೋ ಮನೆಗಳಲ್ಲಿ ಉಳಿದಿದೆ. ಸಕ್ಕರೆ ಕಾಯಿಲೆಗೂ ವಸಡಿಗೂ ಎರಡೂ ಕಡೆಯ ನಂಟು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಸಕ್ಕರೆ ಪರೀಕ್ಷೆ ಮಾಡಿಸುವವರು ವಸಡನ್ನೂ ತೋರಿಸಲಿ.

ಉತ್ತರ ಬೆಂಗಳೂರಿನಲ್ಲಿ ವಸಡು ತೋರಿಸಲು ದೂರ ಹೋಗಬೇಕಿಲ್ಲ. ಯಲಹಂಕದಾಚೆ ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ದಂತ ಕಾಲೇಜಿದೆ, ಯಶವಂತಪುರದವರಿಗೆ ಮತ್ತಿಕೆರೆ ಬಳಿಯ ರಾಮಯ್ಯ ದಂತ ಕಾಲೇಜು ಹತ್ತಿರ. ದಂತ ಕಾಲೇಜುಗಳಲ್ಲಿ ವಸಡಿಗೆಂದೇ ಪೆರಿಯೊಡಾಂಟಿಕ್ಸ್ ವಿಭಾಗ ಇರುತ್ತದೆ, ಖರ್ಚೂ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ.

ಮನೆಯಲ್ಲಿ ಮೃದು ಎಳೆಯ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ದಿನಕ್ಕೆರಡು ಸಲ, ಎರಡೆರಡು ನಿಮಿಷ ಉಜ್ಜಿ. ರಾತ್ರಿಯ ಸರದಿ ತಪ್ಪದಿರಲಿ. ಹಲ್ಲಿನ ಸಂದಿಗೆ ಬ್ರಷ್ ಇಳಿಯದು, ಅಲ್ಲಿಗೆ ಫ್ಲಾಸ್ ದಾರವೋ ಸಂದಿನ ಪುಟ್ಟ ಬ್ರಷ್ಷೋ ಬೇಕು. ಹೀಗೆ ಎರಡು ವಾರ ಮಾಡಿಯೂ ರಕ್ತ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.