ಚಾವಿವಾಲಾನ ಕೈಯಲ್ಲಿ ನೀರಿಲ್ಲ

ಸೊರಬದ ನಮ್ಮ ಮನೆಯಲ್ಲಿ ಟ್ರಾನ್ಸಿಸ್ಟರ್ ಎಂದರೆ ರೇಡಿಯೊ. ಒಳಗಿನ ಪುಟ್ಟ ಬಿಡಿಭಾಗದ ಹೆಸರನ್ನೇ ಊರವರೆಲ್ಲ ಇಡೀ ಪೆಟ್ಟಿಗೆಗೆ ಇಟ್ಟಿದ್ದರು. 1947ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಆ ಬಿಡಿಭಾಗ ಈಗ ಮೊಬೈಲಿನ ಒಂದೇ ಚಿಪ್‌ನಲ್ಲಿ ಕೋಟಿಗಟ್ಟಲೆ ಇರುತ್ತದೆ.

"ಸಣ್ಣ ಕರೆಂಟ್ ಕೊಟ್ರೆ ದೊಡ್ಡ ಕರೆಂಟ್ ಬರತ್ತಂತೆ. ಎಲ್ಲಿಂದ ಬರತ್ತೆ ಅಪ್ಪ?" ಎಂದಳು ಮುಲುಂಡಿನಲ್ಲೇ ಹುಟ್ಟಿ ಬೆಳೆದ ಮಗಳು. ಅವಳದು ಇಂಗ್ಲಿಷ್ ಶಾಲೆ, ಗೆಳತಿಯರ ಜೊತೆ ಹಿಂದಿ, ಮರಾಠಿ. ಕನ್ನಡವೇನಿದ್ದರೂ ಊಟ-ತಿಂಡಿಯ ಮಾತಿಗೆ. ನಾನೋ ಲೆಕ್ಕಪತ್ರದವನು, ಜಮೆ ಇಲ್ಲದೆ ಖರ್ಚು ತೋರಿಸಿದರೆ ನನಗೂ ಅನುಮಾನವೇ. ಉತ್ತರವನ್ನು ಕನ್ನಡದಲ್ಲೇ ಹೇಳಬೇಕೆಂಬ ಹಟವೂ ಹುಟ್ಟಿತು.

ಶನಿವಾರ ದಾದರ್‌ನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. ಒಂದು ಬ್ರೆಡ್‌ಬೋರ್ಡ್, ಒಂದು ಮಲ್ಟಿಮೀಟರ್, 9 ವೋಲ್ಟಿನ ಬ್ಯಾಟರಿ, ಕೆಂಪು ಎಲ್‌ಇಡಿ, ಕೆಲವು ರೆಸಿಸ್ಟರ್, ಬಿ.ಸಿ. 547 ಟ್ರಾನ್ಸಿಸ್ಟರ್. ಒಂದು ಕಟಿಂಗ್ ಚಹಾದ ದುಡ್ಡಿಗೆ ಇಂಥ ಟ್ರಾನ್ಸಿಸ್ಟರ್ ಹಲವು ಸಿಗುತ್ತವೆ.

ಅದರ ಚಪ್ಪಟೆ ಮುಖ ನಮ್ಮ ಕಡೆಗಿಟ್ಟರೆ ಎಡಗಾಲು ಕಲೆಕ್ಟರ್, ನಡುವಿನದು ಬೇಸ್, ಬಲಗಾಲು ಎಮಿಟರ್. ಬ್ಯಾಟರಿಯ ಪ್ಲಸ್‌ನಿಂದ 470 ಓಮ್ ರೆಸಿಸ್ಟರ್ ಮತ್ತು ಎಲ್‌ಇಡಿ ದಾಟಿ ಕಲೆಕ್ಟರ್‌ಗೆ ಒಂದು ದಾರಿ. ಎಮಿಟರ್ ನೇರ ಮೈನಸ್‌ಗೆ. ಬೇಸ್ ಖಾಲಿ ಇದ್ದಾಗ ದೀಪವಿಲ್ಲ. ಪ್ಲಸ್‌ನದೊಂದು, ಬೇಸ್‌ನದೊಂದು ತಂತಿಯನ್ನು ಮಗಳು ಒಂದೇ ಬೆರಳಿನಿಂದ ಮುಟ್ಟಿದಳು. ದೀಪ ಮಂಕಾಗಿ ಹೊತ್ತಿತು! ಮುಂಬೈ ಬೆವರಿಗೆ ಇಂಥದ್ದೊಂದು ಉಪಯೋಗವಿದೆ. (ಆ ತಂತಿಗಳೆರಡು ನೇರ ತಾಗಬಾರದು, ಟ್ರಾನ್ಸಿಸ್ಟರ್ ಸುಟ್ಟುಹೋದೀತು.)

ಬೆರಳಿನ ಜಾಗಕ್ಕೆ 470 ಕಿಲೊಓಮ್ ರೆಸಿಸ್ಟರ್ ಹಾಕಿ ಅಳೆದೆವು. ಬೇಸ್‌ಗೆ 18 ಮೈಕ್ರೊಆಂಪಿಯರ್, ಕಲೆಕ್ಟರ್‌ನಲ್ಲಿ 4.3 ಮಿಲಿಆಂಪಿಯರ್. ಸುಮಾರು 240 ಪಟ್ಟು. 220 ಕಿಲೊಓಮ್‌ಗೆ ಇಳಿಸಿದಾಗ ಎರಡೂ ದುಪ್ಪಟ್ಟಿಗಿಂತ ತುಸು ಹೆಚ್ಚಾದವು.

ನಮ್ಮೂರ ಕೆರೆಯ ತೂಬಿನ ಕಥೆ ಹೇಳಿದೆ. ತೂಬನ್ನೇ ನೋಡದವಳು ಮುಖ ನೋಡಿದಳು. ಆಗ ನೆನಪಾದವನು ನಮ್ಮ ಬೀದಿಯ ಚಾವಿವಾಲಾ. ಪಾಲಿಕೆಯ ಆ ಮನುಷ್ಯ ಉದ್ದನೆಯ ಕಬ್ಬಿಣದ ಚಾವಿಯನ್ನು ರಸ್ತೆಯ ವಾಲ್ವ್‌ಗೆ ಇಳಿಸಿ ತಿರುಗಿಸಿದರೆ ಬೀದಿಗೆಲ್ಲ ನೀರು. ನೀರು ಅವನ ತೋಳಿನಿಂದ ಬರುವುದಲ್ಲ. ತಾನ್ಸಾ, ವೈತರಣಾ, ಭಾತ್ಸಾದಿಂದ ಬರುವುದು. ಬೇಸ್ ಕರೆಂಟ್ ಅವನ ತೋಳು. ದೊಡ್ಡ ಕರೆಂಟ್ ಕೊಡುವುದು ಬ್ಯಾಟರಿಯೇ. ಒಳಗೆ ಬೇಸ್ ಪದರ ಬಹಳ ತೆಳು. ಎಮಿಟರ್‌ನಿಂದ ಹೊರಟ ಎಲೆಕ್ಟ್ರಾನುಗಳಲ್ಲಿ 100ಕ್ಕೆ 99ಕ್ಕೂ ಹೆಚ್ಚು ಅಲ್ಲಿ ನಿಲ್ಲದೆ ಕಲೆಕ್ಟರ್ ಸೇರುತ್ತವೆ. ಬೇಸ್‌ನ ಕಾಲಿನಿಂದ ತುಂಬಿಕೊಡಬೇಕಾದದ್ದು ನಿಂತುಹೋದ ಆ ಚೂರನ್ನಷ್ಟೇ.

ಕೊನೆಗೆ 47 ಕಿಲೊಓಮ್. ಬೇಸ್‌ಗೆ ಈಗ 176 ಮೈಕ್ರೊಆಂಪಿಯರ್. 240ರಿಂದ ಗುಣಿಸಿ 42 ಮಿಲಿಆಂಪಿಯರ್ ಬರಬೇಕೆಂದು ಮಗಳು ಬರೆದಿಟ್ಟಳು. ಮೀಟರ್ 14ರ ಬಳಿ ನಿಂತಿತು. ನಾನು ಬಾಯಿ ತೆರೆಯುವ ಮೊದಲೇ 470 ಓಮ್ ರೆಸಿಸ್ಟರ್ ತೋರಿಸಿ ಅವಳೆಂದಳು:

"ಚಾವಿ ಪೂರ್ತಿ ತಿರುಗಿಸಿ ಆಯ್ತಲ್ಲ ಅಪ್ಪ. ಇನ್ನು ಪೈಪ್ ಎಷ್ಟು ದಪ್ಪ ಇದೆಯೋ ಅಷ್ಟೇ ನೀರು."